ಚಿಕ್ಕಬೈರಪ್ಪನವರ ರಿಹ್ಯಾಬ್ ಸನ್ಮಾನ

ಗಂಗಾನಗರದ ಚಿಕ್ಕಬೈರಪ್ಪನವರಿಗೆ ಹಾರ್ಟ್ ಅಟ್ಯಾಕ್ ಆದದ್ದು ಒಂದು ಮಂಗಳವಾರ. ಅದು ಆಗಿಯೇ ಇಲ್ಲ ಅಂತ ಅವರು ತೀರ್ಮಾನಿಸಿದ್ದು ಅದೇ ವಾರದ ಶನಿವಾರ, ಆಸ್ಪತ್ರೆಯಿಂದ ಮನೆಗೆ ಬರುವಾಗ ಕಾರಿನಲ್ಲಿ.

"ಯಾರ್ಗೂ ಯೋಳ್ಬ್ಯಾಡಿ. ತಿರುಪ್ತಿಗೆ ಓಗಿದ್ವಿ ಅನ್ನಿ," ಅಂತ ಪಕ್ಕದಲ್ಲಿದ್ದ ಹೆಂಡತಿ ಗಂಗರತ್ನಮ್ಮನಿಗೂ, ಕಾರು ಓಡಿಸುತ್ತಿದ್ದ ಮಗ ಗಿರಿಗೂ ಅಪ್ಪಣೆ ಮಾಡಿದರು.

ಇದಕ್ಕೆ ಕಾರಣವಿತ್ತು. ಹೋದ ವರ್ಷ ಹಿಂದಿನ ರಸ್ತೆಯ ಗುರುಪಾದಪ್ಪನವರಿಗೆ ಬೈಪಾಸ್ ಆಪರೇಷನ್ ಆಗಿತ್ತು. ಬಿಎಂಟಿಸಿ ಡಿಪೋದಲ್ಲಿ ಟೈಂ ಕೀಪರ್ ಆಗಿದ್ದು ರಿಟೈರ್ ಆದ, ಮೆಲ್ಲಗೆ ಮಾತಾಡುವ ಸಾಧು ಮನುಷ್ಯ. ಅವರನ್ನು ನೋಡಲು ಹೋದ ಚಿಕ್ಕಬೈರಪ್ಪ, ಹತ್ತು ಜನರೆದುರು ಎದೆ ತಟ್ಟಿಕೊಂಡು, "ಈ ಕಾಯ್ಲೆಯೆಲ್ಲ ಇಡ್ಲಿ ತಿನ್ನೋರ್ಗೆ ಕಣ್ರೀ. ನಾವು ಮುದ್ದೆ ತಿಂದ ಮೈ. ಇದ್ರೊಳಕ್ಕೆ ಅದು ನುಗ್ಗಾಕಾಯ್ತದಾ?" ಅಂದಿದ್ದರು. ತಾತನ ಹೊಲದಲ್ಲೇ ಮೂರಂತಸ್ತಿನ ಮನೆ ಕಟ್ಟಿಕೊಂಡು, ಬಡಾವಣೆಯ ಕನ್ನಡ ಸಂಘಕ್ಕೆ ಆರು ವರ್ಷ ಅಧ್ಯಕ್ಷರಾಗಿದ್ದವರ ಮಾತು. ಯಾರೂ ಎದುರಾಡಲಿಲ್ಲ. ಈಗ ಅದೇ ಮೈಯೊಳಗೆ ಎರಡು ಸ್ಟೆಂಟು ಕೂತಿದ್ದವು. ಜನಕ್ಕೆ ಮುಖ ತೋರಿಸುವುದು ಹೇಗೆ?

ಮುಖ ತೋರಿಸುವುದಿರಲಿ, ಚಿಕ್ಕಬೈರಪ್ಪ ಮಂಚವನ್ನೇ ಬಿಡಲಿಲ್ಲ. ಜೋರಾಗಿ ಕೆಮ್ಮಿದರೆ ಸ್ಟೆಂಟು ಜಾರುತ್ತದೆ ಅನ್ನುವುದು ಅವರ ನಂಬಿಕೆ. ಸೀನು ಬಂದರೆ ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು ಸೀನುತ್ತಿದ್ದರು. ಸ್ನಾನದ ಚೊಂಬು ಎತ್ತಲೂ ಹೆದರಿಕೆ. ಬಚ್ಚಲಿಗೆ ಹೋಗಿಬರುವಾಗ ತುಂಬಿದ ಕೊಡ ಹೊತ್ತವರ ಹಾಗೆ ಹೆಜ್ಜೆ ಇಡುತ್ತಿದ್ದರು. ಎರಡು ವಾರದ ನಂತರ ಡಾಕ್ಟರು ನೋಡಿ, "ಹಾರ್ಟ್ ಚೆನ್ನಾಗಿದೆ. ನೀವು ಚೆನ್ನಾಗಿಲ್ಲ," ಅಂತ ಹೇಳಿ ಒಂದು ಚೀಟಿ ಬರೆದುಕೊಟ್ಟರು. ಹೆಬ್ಬಾಳದ ಹತ್ತಿರದ ಅದೇ ಆಸ್ಪತ್ರೆಯ ನೆಲಮಹಡಿಯಲ್ಲಿ, ವಾರಕ್ಕೆ ಮೂರು ದಿನ, ಹನ್ನೆರಡು ವಾರ ವ್ಯಾಯಾಮ.

"ಒಡೆದೋಗಿರೋ ಆರ್ಟಿಗೆ ಎಕ್ಸಸೈಜಾ?" ಅಂತ ಚಿಕ್ಕಬೈರಪ್ಪ ಹೌಹಾರಿದರು. ಹಳೇ ಹಳ್ಳಿಯ ನಾಲಿಗೆ ಅವರದು. ಅದರಲ್ಲಿ ಹಕಾರ ನಿಲ್ಲುವುದಿಲ್ಲ. ಹಾರ್ಟು ಯಾವಾಗಲೂ ಆರ್ಟೇ.

ಬಾಗಿಲ ಮೇಲೆ 'ಹೃದಯ ಪುನಶ್ಚೇತನ ಕೇಂದ್ರ' ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಅಷ್ಟುದ್ದ ಹೇಳಲು ಅಲ್ಲಿಗೆ ಬರುವ ಯಾರಿಗೂ ಉಸಿರು ಸಾಲದ್ದರಿಂದ ಎಲ್ಲರೂ ರಿಹ್ಯಾಬ್ ಅನ್ನುತ್ತಿದ್ದರು. ಅಲ್ಲಿನ ಫಿಸಿಯೋಥೆರಪಿಸ್ಟ್ ಕನೀಜ್ ಆರ್.ಟಿ. ನಗರದ ಹುಡುಗಿ. ಮಾತು ಮೆತ್ತಗೆ, ಹಿಡಿತ ಮಾತ್ರ ಗಟ್ಟಿ. ಮೊದಲ ದಿನ ಬಿಪಿ ನೋಡಿ, "ಅಂಕಲ್, ಈ ಕಾರಿಡಾರ್‌ನಲ್ಲಿ ಆರು ನಿಮಿಷ ನಡೀರಿ. ಸುಸ್ತಾದ್ರೆ ನಿಲ್ಲಿ," ಅಂದಳು. ಚಿಕ್ಕಬೈರಪ್ಪ ಗೋಡೆ ಹಿಡಿದುಕೊಂಡು, ದೇವರ ಹೆಸರು ಹೇಳಿಕೊಂಡು, ಇನ್ನೂರಹತ್ತು ಮೀಟರ್ ನಡೆದರು.

ಆಮೇಲೆ ಎದೆಗೆ ವೈರು ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿದಳು. ಎದುರಿನ ಪರದೆಯ ಮೇಲೆ ಹಸಿರು ಗೆರೆಯೊಂದು ಎದ್ದು ಬಿದ್ದು ಓಡುತ್ತಿತ್ತು.

"ಅದು ನಂದಾ?"

"ನಿಮ್ದೇ ಅಂಕಲ್. ನೋಡಿ, ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ. ನೀವೇ ಅದಕ್ಕೆ ರಜಾ ಕೊಟ್ಟು ಕೂರಿಸಿದೀರ. ಮಾತಾಡ್ತಾ ನಡೀರಿ. ಹಾಡೋಕೆ ಆಗ್ತಿದೆ ಅಂದ್ರೆ ಸ್ಪೀಡು ಕಮ್ಮಿ, ಮಾತೇ ಹೊರಡ್ತಿಲ್ಲ ಅಂದ್ರೆ ಜಾಸ್ತಿ. ಮಾತಾಡೋಕೆ ಆದ್ರೆ ಸರಿ."

ಅರವತ್ತೆರಡು ವರ್ಷದಲ್ಲಿ ಚಿಕ್ಕಬೈರಪ್ಪನವರಿಗೆ ಇಷ್ಟು ಅನುಕೂಲದ ಔಷಧಿಯನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಏನು ಮಾತಾಡುವುದು ಅಂತ ಯೋಚಿಸುತ್ತಿರುವಾಗಲೇ ಪಕ್ಕದ ಟ್ರೆಡ್‌ಮಿಲ್‌ನಿಂದ ಮೆಲ್ಲಗೆ ಒಂದು ದನಿ ಬಂತು.

"ನಮಸ್ಕಾರ ಅಧ್ಯಕ್ಷರೇ. ತಿರುಪತಿ ಇಲ್ಲಿಗೆ ಶಿಫ್ಟ್ ಆಯ್ತಾ?"

ಗುರುಪಾದಪ್ಪನವರು! ಬೈಪಾಸ್ ಆದಾಗ ಅರ್ಧಕ್ಕೇ ಬಿಟ್ಟಿದ್ದ ವ್ಯಾಯಾಮವನ್ನು ಮಗಳ ಬಲವಂತಕ್ಕೆ ಮತ್ತೆ ಶುರು ಮಾಡಿದ್ದರು. ಚಿಕ್ಕಬೈರಪ್ಪನವರಿಗೆ ಟ್ರೆಡ್‌ಮಿಲ್ಲಿನ ಬೆಲ್ಟಿನೊಳಗೇ ಸೇರಿಹೋಗಬಾರದೇ ಅನ್ನಿಸಿತು. "ಗುರುಪಾದಪ್ನೋರೇ, ಅವತ್ತು ನಾನು ಇಡ್ಲಿ ಅದೂ ಇದೂ ಅಂತ ಬಾಯಿಗೆ ಬಂದಂಗೆ..."

"ಕ್ಷಮಾಪಣೆ ಆಮೇಲೆ ಕೇಳೋರಂತೆ. ಇನ್ನೂ ಒಂಬತ್ತು ನಿಮಿಷ ಇದೆ, ನಡೀರಿ," ಅಂದರು ಟೈಂ ಕೀಪರು.

ಹೀಗೆ ಶುರುವಾದ ಜೋಡಿ ನಡಿಗೆ ನಾಲ್ಕು ವಾರದಲ್ಲಿ ಇಬ್ಬರನ್ನೂ ಗೆಳೆಯರನ್ನಾಗಿ ಮಾಡಿತು. ಚಿಕ್ಕಬೈರಪ್ಪ ಬೀಡಿ ಬಿಟ್ಟರು. ಉಪ್ಪಿನಕಾಯಿ ಜಾಡಿಗೆ ಕೈ ಹಾಕುವ ಮುಂಚೆ ಕನೀಜಳ ಮುಖ ನೆನೆಸಿಕೊಂಡು ವಾಪಸ್ ತೆಗೆಯುವುದನ್ನು ಕಲಿತರು. ಮಾತ್ರೆಗಳನ್ನು ಹೆಸರು ಹಿಡಿದು ಕರೆಯುವಷ್ಟು ಪರಿಚಯ ಮಾಡಿಕೊಂಡರು. ಮನೆಯ ಮಹಡಿ ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತಿದ ದಿನ ಗಂಗರತ್ನಮ್ಮ ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗುರುಪಾದಪ್ಪನವರು ಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಎಲ್ಲ ಸುಖವಾಗಿ ಸಾಗುತ್ತಿತ್ತು. ಆದರೆ ಚಿಕ್ಕಬೈರಪ್ಪನವರ ಮನೆಯ ಕೆಳಗಿನ ಭಾಗದಲ್ಲಿ ರವಿಕಿರಣ ಬಾಡಿಗೆಗಿದ್ದ.

ರವಿಕಿರಣ ಕೆಟ್ಟವನಲ್ಲ. ಅವನಿಗೆ ಎಲ್ಲ ವಿಷಯವೂ ಅರ್ಧ ಗೊತ್ತಿರುತ್ತಿತ್ತು, ಉಳಿದರ್ಧವನ್ನು ಅವನೇ ಧಾರಾಳವಾಗಿ ತುಂಬಿಕೊಳ್ಳುತ್ತಿದ್ದ. ಒಂದು ಶುಕ್ರವಾರ ಮೈ ಹಗುರಾಗಿದೆ ಅನ್ನುವ ಕಾರಣಕ್ಕೆ ಚಿಕ್ಕಬೈರಪ್ಪ ರಿಹ್ಯಾಬಿಗೆ ಚಕ್ಕರ್ ಹೊಡೆದು, ಕಾಂಪೌಂಡಿನ ಗಿಡಕ್ಕೆ ನೀರು ಹಾಕಿ, ಫೋನನ್ನು ಗೋಡೆ ಮೇಲೇ ಮರೆತು ಒಳಗೆ ಹೋದರು. ಫೋನು ಬಡಿದುಕೊಂಡಿತು. ರವಿಕಿರಣ ಎತ್ತಿದ.

"ರಿಹ್ಯಾಬ್‌ನಿಂದ ಮಾತಾಡ್ತಿರೋದು. ಚಿಕ್ಕಬೈರಪ್ಪನವರು ಇವತ್ತು ಬಂದಿಲ್ಲ. ನೀವು ಮನೆಯವ್ರಾ?"

"ಅವ್ರ ಮನೇಲೇ ಇರೋದು," ಅಂದ ರವಿಕಿರಣ. ಸುಳ್ಳೇನಲ್ಲ.

"ಹಾಗಾದ್ರೆ ನೀವೇ ಸ್ವಲ್ಪ ಧೈರ್ಯ ಹೇಳಿ ಕಳಿಸಿ. ಮಧ್ಯದಲ್ಲಿ ಬಿಟ್ಬಿಟ್ರೆ ಮತ್ತೆ ಹಳೇ ಚಟಕ್ಕೇ ಬಿದ್ಬಿಡ್ತಾರೆ."

ಕನೀಜ್ ಹೇಳಿದ್ದು ಬೀಡಿಯ ವಿಷಯ. ಆದರೆ ರಿಹ್ಯಾಬ್ ಅಂದರೆ ಕುಡುಕರನ್ನು ಸೇರಿಸುವ ಜಾಗ ಅಂತ ರವಿಕಿರಣ ಎಷ್ಟು ಇಂಗ್ಲಿಷ್ ಸಿನಿಮಾದಲ್ಲಿ ನೋಡಿಲ್ಲ! ಫೋನನ್ನು ಹೂವಿನ ಹಾಗೆ ಗೋಡೆ ಮೇಲಿಟ್ಟು, ನೇರ ಎದುರುಮನೆಯ ಮಾಲಾ ಹತ್ತಿರ ಹೋದ. ಮಾಲಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ರಸ್ತೆಯ ಅರ್ಧ ಜನ ಅಳತೆ ಕೊಡಲು ಅವಳಲ್ಲಿಗೆ ಬರುತ್ತಿದ್ದರು. ಇನ್ನರ್ಧ ಜನ ಸುದ್ದಿಗೆ ಬರುತ್ತಿದ್ದರು.

"ಅದಕ್ಕೇ ಅಂಕಲ್ ಅವತ್ತು ಗೇಟ್ ಹಿಡ್ಕೊಂಡು ಹಿಡ್ಕೊಂಡು ನಡೀತಿದ್ರಾ!" ಅಂದಳು ಮಾಲಾ. "ತಿರುಪತಿ ಅಂದ್ರು, ತಲೆ ಕೂದ್ಲು ಹಾಗೇ ಇತ್ತು, ಲಾಡೂ ಇಲ್ಲ. ಪಾಪ, ಆ ಆಂಟಿ ಹೇಗೆ ಸಹಿಸ್ಕೊಂಡ್ರೋ."

ಮಾರನೆಯ ದಿನವೇ ಒಂದು ತಂಬಿಗೆ ಮಜ್ಜಿಗೆ ತೆಗೆದುಕೊಂಡು ಗಂಗರತ್ನಮ್ಮನ ಅಡುಗೆಮನೆಗೆ ಬಂದಳು.

"ಆಂಟಿ, ಮುಚ್ಚಿಡ್ಬೇಡಿ. ಅಂಕಲ್ ವಿಷ್ಯ ನಮಗೆಲ್ಲ ಗೊತ್ತಾಗಿದೆ."

ಗಂಗರತ್ನಮ್ಮನಿಗೆ ಎರಡು ತಿಂಗಳಿನಿಂದ ಯಾರ ಹತ್ತಿರವಾದರೂ ಹೇಳಿಕೊಂಡರೆ ಸಾಕಾಗಿತ್ತು. ಅಲ್ಲೇ ಕೂತುಬಿಟ್ಟರು. "ಏನ್ ಮಾಡದವ್ವ. ನಂಗೂ ಗೊತ್ತಾಗ್ನಿಲ್ಲ. ಅತ್ತು ವರ್ಷದಿಂದ ಒಳಗೊಳಗೇ ಇತ್ತಂತೆ."

"ಹತ್ತು ವರ್ಷ! ಈಗ ಹೇಗೆ?"

"ಈಗ ಎಲ್ಡು ಆಕವ್ರೆ."

ಮಾಲಾಳ ಕೈಲಿದ್ದ ಮಜ್ಜಿಗೆ ತುಳುಕಿತು. "ಈಗ್ಲೂ ಎರಡು ಹಾಕ್ತಾರಾ?"

"ಎಲ್ಡು ಸಾಕು, ಮೂರ್ನೇದು ಬ್ಯಾಡ ಅಂದ್ರು ಡಾಕ್ಟ್ರು."

"ಡಾಕ್ಟ್ರೇ ಅಂದ್ರಾ?"

"ಊಂ. ನಮ್ ಗಿರೀನೇ ಸೈನ್ ಮಾಡ್ಬುಟ್ಟು ಆಕುಸ್ದ. ಆಕಿದ್ದು ಒಳ್ಳೇದೇ ಆಯ್ತು ಕಣವ್ವ. ಆಕದ್ಮ್ಯಾಗೆ ಮಕದಾಗೆ ಕಳೆ ಬಂದೈತೆ."

ಮಗನೇ ಮುಂದೆ ನಿಂತು ಹಾಕಿಸುವ ಮನೆಯ ದುರವಸ್ಥೆಗೆ ಮಾಲಾ ಕಣ್ಣೀರಿಟ್ಟಳು. ಗಂಗರತ್ನಮ್ಮನೂ ಅತ್ತರು. ಬೇರೆ ಬೇರೆ ಕಾರಣಕ್ಕೆ ಅತ್ತರೂ ಇಬ್ಬರ ಮನಸ್ಸೂ ಹಗುರಾಯಿತು.

ಅವತ್ತು ಸಂಜೆ ಗಂಗರತ್ನಮ್ಮ ಗಂಡನಿಗೆ ಹೇಳಿದರು: "ಎಲ್ಲಾರ್ಗೂ ಗೊತ್ತಾಗೋಗೈತೆ. ಯಾರೂ ನಗ್ನಿಲ್ಲ. ಮಾಲಾ ಅತ್ತೇಬುಟ್ಲು."

ಚಿಕ್ಕಬೈರಪ್ಪ ಹೆದರುತ್ತಾ ಹೆದರುತ್ತಾ ರಸ್ತೆಗಿಳಿದರು. ನಗುವವರು ಒಬ್ಬರೂ ಇಲ್ಲ! ಹಾಲಿನ ಬೂತಿನವನು, "ತಪ್ಪೇನಿಲ್ಲ ಅಣ್ಣ, ಯಾರಿಗ್ ಬೇಕಾದ್ರೂ ಆಗೋದೇ," ಅಂದ. ರವಿಕಿರಣ ಕೈ ಹಿಡಿದುಕೊಂಡು, "ಒಂದೊಂದೇ ದಿನ ಅಂತ ದಾಟಿ ಸಾರ್," ಅಂದ. ಚಿಕ್ಕಬೈರಪ್ಪನವರಿಗೆ ಇಂಥ ಜನರಿಂದ ಮುಚ್ಚಿಟ್ಟೆನಲ್ಲ ಅಂತ ನಾಚಿಕೆಯಾಯಿತು.

ಭಾನುವಾರ ಯಲಹಂಕದಿಂದ ಗಂಗರತ್ನಮ್ಮನ ತಮ್ಮ ವೆಂಕಟಸ್ವಾಮಿ ಬಂದ. ಸೈಟು ತೋರಿಸುವ ಕೆಲಸ, ಬಿಳಿ ಪ್ಯಾಂಟು, ಜೋರು ದನಿ. ಅವತ್ತು ಮಾತ್ರ ದನಿ ತಗ್ಗಿತ್ತು. ಭಾವನ ಪಕ್ಕದಲ್ಲಿ ಕೂತು, ನೆಲ ನೋಡುತ್ತಾ ಹೇಳಿದ: "ನಂಗೊಂದು ಮಾತು ಯೋಳ್ಬೋದಿತ್ತು ಬಾವ."

"ನಾಚ್ಕೆ ಆಯ್ತು ಕಣೋ ವೆಂಕ್ಟ."

"ಅಲ್ಲಿ ಬೈತಾರಾ?"

"ಚೇ, ಒಬ್ರೂ ಬಯ್ಯಲ್ಲ. ಅಲ್ಲಿರೋರೆಲ್ಲ ನಮ್ಮಂಗೇ ಆದೋರು. ಮೊದ್ಲು ಭಯ ಆಯ್ತದೆ. ಎಲ್ಲಾರ್ದೂ ಒಂದೇ ಕತೆ ಅಂತ ಗೊತ್ತಾದ್ಮ್ಯಾಗೆ ಧೈರ್ಯ ಬತ್ತದೆ."

"ಕಟ್ಟಾಕ್ತಾರಂತೆ?"

"ಇಲ್ವೋ. ಎದೆಗೊಂದಷ್ಟು ವೈರು ಅಂಟುಸ್ತಾರೆ, ಅಷ್ಟೇ."

"ಕರೆಂಟು ಕೊಡ್ತಾರಾ?" ಅಂತ ವೆಂಕಟಸ್ವಾಮಿ ಬಿಳಿಚಿಕೊಂಡ.

"ನಡೆಸ್ತಾರೆ, ಸೈಕಲ್ ತುಳುಸ್ತಾರೆ, ಆಮ್ಯಾಕೆ ಕುಂಡ್ರುಸ್ಕೊಂಡು ಮಾತಾಡ್ತಾರೆ. ನಿದ್ದೆ ಬತ್ತದಾ, ಬೇಜಾರಾಯ್ತದಾ ಅಂತ ಕೇಳ್ತಾರೆ. ನನ್ ಜೀವಮಾನದಾಗೆ ಯಾರೂ ಕೇಳಿರ್ನಿಲ್ಲ."

ವೆಂಕಟಸ್ವಾಮಿ ಇನ್ನೂ ಏನೋ ಕೇಳಬೇಕು ಅಂತ ಬಾಯಿ ತೆರೆದ. ಕೇಳದೆ ಎದ್ದು, ಅಕ್ಕ ಬಡಿಸಿದ ಊಟವನ್ನೂ ಅರ್ಧಕ್ಕೆ ಬಿಟ್ಟು ಹೋದ.

ಅದರ ಮರುವಾರ ಕನ್ನಡ ಸಂಘದ ಕಾರ್ಯದರ್ಶಿ ವಿಜಯ್ ಕುಮಾರ್ ಬಂದ. ಆರ್.ಟಿ. ನಗರದಲ್ಲಿ ಅವನದು ಪ್ರಿಂಟಿಂಗ್ ಅಂಗಡಿ. ಮದುವೆ, ನಾಮಕರಣ, ರಾಜ್ಯೋತ್ಸವ ಯಾವುದಕ್ಕಾದರೂ ಕಣ್ಣೀರು ಬರಿಸುವಂತೆ ಬರೆಯಬಲ್ಲ ಅಂತ ಅವನಿಗೆ ತನ್ನ ಮೇಲೆ ತುಂಬ ಗೌರವ.

"ಸಾರ್, ಈ ಸಲ ರಾಜ್ಯೋತ್ಸವದಲ್ಲಿ ನಿಮಗೇ ಸನ್ಮಾನ. ನೀವು ಧೈರ್ಯವಾಗಿ ಒಪ್ಕೊಂಡು ರಿಹ್ಯಾಬ್‌ಗೆ ಹೋಗ್ತಿದೀರಲ್ಲ, ನಮ್ ಏರಿಯಾದಲ್ಲಿ ಎಷ್ಟೋ ಜನಕ್ಕೆ ಅದೇ ದಾರಿ ತೋರಿಸ್ಬೇಕು."

ಸನ್ಮಾನ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ಚಿಕ್ಕಬೈರಪ್ಪನವರ ಬೆನ್ನು ತಾನಾಗಿ ನೆಟ್ಟಗಾಯಿತು. "ನಂದೇನೈತೆ ಬಿಡಪ್ಪ," ಅಂದರು. "ಶಾಲಿನ ಜೊತೆ ಪೇಟಾನೂ ಐತಾ?" ಅಂತಲೂ ವಿಚಾರಿಸಿದರು. ಕನೀಜಳನ್ನೂ, ಗುರುಪಾದಪ್ಪನವರನ್ನೂ, ರಿಹ್ಯಾಬಿನ ಉಳಿದ ಐದಾರು ಜನರನ್ನೂ ತಾವೇ ಬಾಯಿತುಂಬ ಕರೆದರು.

ನವೆಂಬರಿನ ಕೊನೆಯ ಭಾನುವಾರ ಬೆಳಿಗ್ಗೆ ರಸ್ತೆಯ ತುದಿಯಲ್ಲಿ ಶಾಮಿಯಾನ ಎದ್ದಿತ್ತು. ಚಿಕ್ಕಬೈರಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಪಕ್ಕದ ಮೆಟ್ಟಿಲಿನಿಂದ ಗಂಭೀರವಾಗಿ ವೇದಿಕೆ ಹತ್ತಿ, ಜನರಿಗೆ ಕೈ ಮುಗಿಯುತ್ತಾ ನಡುವಿನ ಕುರ್ಚಿಯಲ್ಲಿ ಕೂತರು. ಹೀಗಾಗಿ ಅವರ ಬೆನ್ನ ಹಿಂದಿದ್ದ ಹದಿನೈದು ಅಡಿಯ ಬ್ಯಾನರನ್ನು ಇಡೀ ಗಂಗಾನಗರ ಓದಿತು, ಅವರೊಬ್ಬರನ್ನು ಬಿಟ್ಟು. ಅದರಲ್ಲಿ ಅವರ ಫೋಟೋ ಇತ್ತು. ಫೋಟೋದ ಕೆಳಗೆ 'ಮದ್ಯಾಸುರನನ್ನು ಗೆದ್ದ ಧೀರ' ಅಂತಿತ್ತು.

ಮೊದಲು ಓದಿದ್ದು ಗಂಗರತ್ನಮ್ಮ. ಹೆಂಗಸರ ಸಾಲಿನಲ್ಲಿ ಕೂತಲ್ಲಿಂದಲೇ ಗಂಡನಿಗೆ ಹಿಂದೆ ನೋಡಿ ಅಂತ ಕೈ ಮಾಡಿದರು. ಚಿಕ್ಕಬೈರಪ್ಪ ಹಿಂದಕ್ಕೆ ಒರಗಿ ಕೂತರು. ಗಂಗರತ್ನಮ್ಮ ಇನ್ನೂ ಜೋರಾಗಿ ಕೈ ಮಾಡಿದರು. ಅವರು ಪಂಚೆ ಸರಿಮಾಡಿಕೊಂಡರು. ಮೂರನೆಯ ಸಲಕ್ಕೆ ವಿಜಯ್ ಕುಮಾರ್ ಮೈಕು ಹಿಡಿದು ಅಭಿನಂದನಾ ಪತ್ರ ಓದಲು ಶುರು ಮಾಡಿದ್ದ.

"ನಲವತ್ತು ವರ್ಷಗಳ ಕಾಲ ಮದ್ಯದ ದಾಸರಾಗಿ, ಸತಿಯ ಕಣ್ಣೀರಿಗೆ ಕಾರಣರಾಗಿ, ಕಂಡಕಂಡ ಗೇಟುಗಳನ್ನು ಹಿಡಿದು ನಡೆದು, ಕಟ್ಟಕಡೆಗೆ ರಿಹ್ಯಾಬ್ ಎಂಬ ಬೆಳಕನ್ನು ಕಂಡ ಮಾನ್ಯರೇ..."

ಚಿಕ್ಕಬೈರಪ್ಪ ಮೊದಲು ಪಕ್ಕದ ಕುರ್ಚಿ ನೋಡಿದರು, ಇನ್ನಾರಿಗೋ ಸನ್ಮಾನವಿರಬೇಕು ಅಂತ. ಅದು ಖಾಲಿ. ಆಮೇಲೆ ತಿರುಗಿ ಬ್ಯಾನರು ನೋಡಿದರು. ಎದ್ದು ಬಂದು ವಿಜಯ್ ಕುಮಾರನ ಕೈಯಿಂದ ಮೈಕು ಕಿತ್ತುಕೊಂಡರು.

"ಏಯ್! ನಾನೆಲ್ಲಯ್ಯ ಕುಡ್ದೆ? ಒಂದ್ ತೊಟ್ಟು ಬಾಯಿಗಿಟ್ಟೋನಲ್ಲ! ನಂಗಾಗಿದ್ದು ಆರ್ಟು!"

ಸಭೆ ಗಲಿಬಿಲಿಯಾಯಿತು. "ಆರ್ಟಾ? ಯಾವ ಆರ್ಟು? ನಾಟಕ ಮಾಡಿದ್ರಾ?" ಅಂತ ಹಿಂದಿನಿಂದ ಯಾರೋ ಕೇಳಿದರು.

"ಎದೆ ಕಣ್ರಯ್ಯ, ಎದೆ! ಆರ್ಟ್ ಅಟ್ಯಾಕು! ಸತ್ತೋಗ್ತಿದ್ದೆ! ತಿರುಪ್ತಿಗೂ ಓಗಿಲ್ಲ, ಎಲ್ಲಿಗೂ ಓಗಿಲ್ಲ. ಮರ್ವಾದೆಗೆ ಎದ್ರಿ ಮುಚ್ಚಿಟ್ಟೆ!"

ನಿಜ ಹೇಳಿದ್ದಾಯಿತು. ಆದರೆ ಯಾರೂ ನಂಬಲಿಲ್ಲ. ರವಿಕಿರಣ ಎದ್ದು ನಿಂತು, ಕರುಣೆಯಿಂದ, "ಸಾರ್, ಮೊದಮೊದಲು ಎಲ್ರೂ ಹೀಗೇ ಅನ್ನೋದು. ಕೋಪ ಮಾಡ್ಕೋಬೇಡಿ," ಅಂದ. ಮಾಲಾ, "ಆಂಟೀನೇ ಹೇಳಿದಾರೆ. ಈಗ್ಲೂ ಎರಡು ಹಾಕ್ತಾರೆ, ಮೂರನೇದಕ್ಕೆ ಡಾಕ್ಟ್ರು ಬೇಡ ಅಂದಿದಾರೆ," ಅಂದಳು.

ಗಂಗರತ್ನಮ್ಮ ಕುರ್ಚಿ ಮೇಲೇ ಹತ್ತಿ ನಿಂತರು. "ಅಯ್ಯೋ ಮೂದೇವಿ, ಎಲ್ಡು ಸ್ಟೆಂಟು ಕಣೇ! ಎದೆ ಒಳಕ್ಕೆ ಆಕಿರೋ ಸ್ಟೆಂಟು!"

ಆಗ ಗುರುಪಾದಪ್ಪನವರು ಎದ್ದು, ಅವಸರವಿಲ್ಲದೆ ವೇದಿಕೆ ಹತ್ತಿ, ಚಿಕ್ಕಬೈರಪ್ಪನವರ ಹೆಗಲ ಮೇಲೆ ಕೈಯಿಟ್ಟರು. "ನಾನೂ ಅಲ್ಲೇ ಹೋಗೋದು. ಹತ್ತು ವಾರದಿಂದ ಇವರ ಪಕ್ಕದಲ್ಲೇ ನಡೀತಿದೀನಿ. ಇವರು ಕುಡಿದಿದ್ರೆ ಇಷ್ಟು ಮಾತಾಡ್ತಿರಲಿಲ್ಲ, ಎಲ್ಲಾದ್ರೂ ಒಂದ್ ಕಡೆ ನಿಲ್ಲಿಸ್ತಿದ್ರು."

ಸಭೆ ನಕ್ಕಿತು. ಗುರುಪಾದಪ್ಪನವರು ಕನೀಜಳನ್ನು ಮೇಲೆ ಕರೆದರು. ಅವಳು ಸಂಕೋಚದಿಂದ ಮೈಕು ಹಿಡಿದಳು. "ಅಂಕಲ್ ಬಂದಾಗ ಆರು ನಿಮಿಷಕ್ಕೆ ಇನ್ನೂರಹತ್ತು ಮೀಟರ್ ನಡೆದಿದ್ರು. ಮೊನ್ನೆ ನಾನೂರಿಪ್ಪತ್ತು. ಅಟ್ಯಾಕ್ ಆದ್ಮೇಲೆ ತುಂಬ ಜನ ಹೆದರ್ಕೊಂಡು ಮೂಲೇಲಿ ಕೂತ್ಬಿಡ್ತಾರೆ. ಹಾಗೆ ಕೂರೋದೇ ಹಾರ್ಟಿಗೆ ಒಳ್ಳೇದಲ್ಲ. ಎಷ್ಟು ನಡೀಬಹುದು, ಏನು ತಿನ್ಬಹುದು ಅಂತ ಜೊತೇಲಿ ನಿಂತು ತೋರಿಸಿಕೊಟ್ರೆ ಧೈರ್ಯ ಬರುತ್ತೆ. ನಾವು ಮಾಡೋದು ಅಷ್ಟೇ. ಹಳೇ ಚಟ ಅಂದಿದ್ದು ಬೀಡಿಗೆ." ಕೊನೆಯ ಮಾತನ್ನು ರವಿಕಿರಣನ ಕಡೆ ನೋಡಿಯೇ ಹೇಳಿದಳು.

ರವಿಕಿರಣ ತನ್ನ ಚಪ್ಪಲಿ ನೋಡಿಕೊಂಡ. ಅವನ ಹಿಂದಿನ ಸಾಲಿನಲ್ಲಿದ್ದ ಹಾಲಿನ ಬೂತಿನವನು ಮೆಲ್ಲಗೆ ಎದ್ದು, "ಮೇಡಂ, ನಮ್ಮಪ್ಪಂಗೂ ಸ್ಟೆಂಟ್ ಹಾಕಿ ಒಂದ್ ವರ್ಷ ಆಯ್ತು. ಮನೆ ಬಿಟ್ಟು ಈಚೆಗೇ ಬರಲ್ಲ. ಕರ್ಕೊಂಡ್ ಬರ್ಬಹುದಾ?" ಅಂದ. ಇನ್ನೊಬ್ಬಾಕೆ ತನ್ನ ಅತ್ತಿಗೆಯ ವಿಷಯ ತೆಗೆದಳು. ನೋಡನೋಡುತ್ತಾ ವೇದಿಕೆಯ ಮುಂದೆ ಹತ್ತು ಹನ್ನೆರಡು ಜನ ಸೇರಿದರು. ಅಷ್ಟೂ ಮನೆಗಳಲ್ಲಿ ಅಷ್ಟೂ ಎದೆಗಳು ಚಿಕ್ಕಬೈರಪ್ಪನವರ ಎದೆಯಂತೆಯೇ ಸದ್ದಿಲ್ಲದೆ ಅಡಗಿ ಕೂತಿದ್ದವು.

ಈ ಗಲಾಟೆಯಲ್ಲಿ ವಿಜಯ್ ಕುಮಾರ್ ಮಾತ್ರ ಫ್ರೇಮು ಹಾಕಿಸಿದ ಪತ್ರ ಹಿಡಿದು ಕಂಗಾಲಾಗಿ ನಿಂತಿದ್ದ. ಕೊನೆಗೆ ಚಿಕ್ಕಬೈರಪ್ಪನವರ ಕಿವಿಯಲ್ಲಿ ಕೇಳಿದ: "ಸಾರ್, ಬೀಡಿ ಎಷ್ಟು ವರ್ಷ ಸೇದಿದ್ರಿ?"

"ನಲವತ್ತೇ ಇರ್ಬೇಕು."

ವಿಜಯ್ ಕುಮಾರನ ಮುಖ ಅರಳಿತು. "ಹಾಗಾದ್ರೆ ಮದ್ಯ ತೆಗೆದು ಬೀಡಿ ಅಂತ ಹಾಕ್ತೀನಿ. ಮಿಕ್ಕಿದ್ದೆಲ್ಲ ಕರೆಕ್ಟಾಗೇ ಇದೆ!"

ಹೆಗಲಿಗೆ ಶಾಲು ಬಿತ್ತು. ಪೇಟಾ ಸ್ವಲ್ಪ ಬಿಗಿಯಾಯಿತು, ಆದರೂ ಮಧ್ಯಾಹ್ನದ ಊಟ ಮುಗಿಯುವ ತನಕ ಅವರು ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ ಚಿಕ್ಕಬೈರಪ್ಪ ರಿಹ್ಯಾಬಿಗೆ ಹೊರಡಲು ಶೂ ಕಟ್ಟಿಕೊಳ್ಳುತ್ತಿದ್ದಾಗ ವೆಂಕಟಸ್ವಾಮಿ ಬಂದು ಬಾಗಿಲಲ್ಲಿ ನಿಂತ. ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೊಸದಾಗಿ ಸ್ಕೂಲಿಗೆ ಸೇರಿಸಲು ಕರೆತಂದ ಹುಡುಗನ ಹಾಗಿದ್ದ. ಅಕ್ಕ ಅಡುಗೆಮನೆಯಲ್ಲಿರುವುದನ್ನು ಖಾತ್ರಿ ಮಾಡಿಕೊಂಡು ಹತ್ತಿರ ಬಂದ.

"ಬಾವ, ನಿನ್ನೆ ನಾನೂ ಇಂದ್ಗಡೆ ನಿಂತಿದ್ದೆ. ಎಲ್ಲಾ ಕೇಳುಸ್ಕೊಂಡೆ."

"ನಗ್ತಿಯಾ, ನಗು."

"ನಗಾಕೆ ಬಂದಿಲ್ಲ." ವೆಂಕಟಸ್ವಾಮಿ ಇನ್ನೊಂದು ಸಲ ಅಡುಗೆಮನೆ ಕಡೆ ನೋಡಿದ. "ನಿಮ್ದು ಆರ್ಟಿಂದು. ಸರಿ. ಆದ್ರೆ ಆ ಇನ್ನೊಂದು... ಕುಡಿಯೋದು ಬಿಡ್ಸೋದು. ಅದು ಎಲ್ಲಾದ್ರೂ ಐತಾ? ಅಲ್ಲೂವೆ ಬಯ್ಯಲ್ವಾ?"

ಚಿಕ್ಕಬೈರಪ್ಪನವರ ಕೈ ಶೂ ದಾರದ ಮೇಲೇ ನಿಂತಿತು. ಬೈತಾರಾ, ಕಟ್ಟಾಕ್ತಾರಾ ಅಂತ ಅವನು ಅವತ್ತು ಕೇಳಿದ್ದೆಲ್ಲ ನೆನಪಾಯಿತು. ಫೋನು ತೆಗೆದು ಕನೀಜಳಿಗೆ ಮಾಡಿ, ಎರಡು ಮಾತಾಡಿ, ಇಟ್ಟರು.

"ಅದೇ ಆಸ್ಪತ್ರೆ. ಮೂರ್ನೇ ಮಹಡಿ. ಡಾಕ್ಟ್ರು ಅತ್ತು ಗಂಟೆಗೆ ಬತ್ತಾರಂತೆ. ನಡಿ."

"ಅಕ್ಕಂಗೆ..."

"ನೀನೇ ಯೋಳೋ ತಂಕ ನಾನ್ ಯೋಳಲ್ಲ. ನಡಿ."

ಗೇಟಿನ ಹತ್ತಿರ ರವಿಕಿರಣ ಸ್ಕೂಟರ್ ಒರೆಸುತ್ತಿದ್ದ. ನಿನ್ನೆಯ ಅವಮಾನ ಆರಿರಲಿಲ್ಲ, ಆದರೂ ಇಬ್ಬರನ್ನು ಒಟ್ಟಿಗೆ ನೋಡಿ ಅವನ ಕಣ್ಣು ಸಣ್ಣಗೆ ಹೊಳೆಯಿತು. "ಏನ್ ಸಾರ್, ಇವತ್ತು ಬಾಮೈದಾನೂ ಜೊತೇಲಿ?"

ವೆಂಕಟಸ್ವಾಮಿ ಮುಖ ಕೆಳಗೆ ಹಾಕಿದ. ಚಿಕ್ಕಬೈರಪ್ಪ ನಿಂತು, ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, ಇಡೀ ರಸ್ತೆಗೆ ಕೇಳುವಂತೆ ಹೇಳಿದರು:

"ನನ್ ಆರ್ಟು ವೀಕು ಕಣಪ್ಪ. ಒಬ್ನೇ ಓಗಾಕೆ ಭಯ. ಅದುಕ್ಕೇ ಪಾಪ, ಕೆಲ್ಸ ಬಿಟ್ಟು ಬತ್ತಾವ್ನೆ."